ಚರ್ಚಿನ ಹೆಸರಿನ ಗಾಡಿ

ಭಾನುವಾರ ಚರ್ಚು ಮುಗಿಸಿ ಮನೆಗೆ ಬರುತ್ತಿದ್ದೆವು. ಹೆದ್ದಾರಿ ಪಕ್ಕದ ಜಾಹೀರಾತು ಹಲಗೆಯ ಮೇಲೆ ನನ್ನ ತಮ್ಮ ಕೆಡ್ರಿಕ್ ಮೂರಾಳೆತ್ತರ ನಿಂತಿದ್ದ. ಮೈಮೇಲೆ ಕಹಾಬಾ ವಿಶ್ವವಿದ್ಯಾಲಯದ ಹಸಿರು ಜೆರ್ಸಿ, ಕಂಕುಳಲ್ಲಿ ಹೆಲ್ಮೆಟ್, ಪಕ್ಕದಲ್ಲಿ ಫಳಫಳ ಹೊಳೆಯುವ ಕಪ್ಪು ಪಿಕಪ್. ಕೆಳಗೆ ‘ನಮ್ಮ ಹುಡುಗ, ನಮ್ಮ ಗಾಡಿ! ಟಿಡ್ಮೋರ್ ಮೋಟಾರ್ಸ್’ ಅಂತ ಬರೆದಿತ್ತು.

ಆ ಹುಡುಗ ಅಂಥದೇ ಕಪ್ಪು ಪಿಕಪ್ ಓಡಿಸುತ್ತ ನನ್ನ ಪಕ್ಕದಲ್ಲಿ ಕೂತಿದ್ದ. ಬ್ರೇಕ್ ಒತ್ತಿದ.

“ಅಕ್ಕಾ, ನಾನು ಇದಕ್ಕೆ ಫೋಟೋ ತೆಗೆಸ್ಕೊಂಡಿಲ್ಲ.”

“ಮತ್ತೆ ಅದ್ಯಾರು, ನಿನ್ನ ಅವಳಿನಾ?”

“ಕಾಲೇಜು ನೋಡೋಕೆ ಕರ್ಕೊಂಡು ಹೋದಾಗ ಜೆರ್ಸಿ ಹಾಕ್ಸಿ ತೆಗೆದಿದ್ರು. ಬಂದ ಹುಡುಗ್ರಿಗೆಲ್ಲ ತೆಗೀತಾರೆ. ಗಾಡಿ ಆಮೇಲೆ ಅಂಟ್ಸಿದಾರೆ.”

ಹಿಂದಿನ ಸೀಟಿನಿಂದ ಅಜ್ಜಿ ಬಗ್ಗಿ ನೋಡಿದಳು. “ಹಲ್ಲು ಚೆನ್ನಾಗಿ ಬಂದಿದೆ. ನಿಮ್ಮ ತಾತಂದೂ ಹಂಗೇ ಇತ್ತು. ನಡಿ, ಒಲೆ ಮೇಲೆ ಕೋಳಿ ಇಟ್ಟು ಬಂದಿದೀನಿ.”

ಅಜ್ಜಿಗೆ ಹಲ್ಲು ಕಂಡಿತು. ಕೆಡ್‌ಗೂ ನನಗೂ ಶುಕ್ರವಾರ ಕಂಡಿತು.

ಶುಕ್ರವಾರ ರಾಜ್ಯದ ಹೈಸ್ಕೂಲು ಫುಟ್‌ಬಾಲ್ ಫೈನಲ್, ಚೆಂಡನ್ನು ಕೈಯಲ್ಲಿ ಎಸೆದು ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್. ನಮ್ಮ ಹಾರ್ಪರ್ಸ್ ಬೆಂಡ್ ಶಾಲೆಗೂ ಡೆಕ್ಸ್‌ಟನ್ ಶಾಲೆಗೂ. ಎದುರು ತಂಡದ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮೊದಲೇ ಅವನನ್ನು ನೆಲಕ್ಕೆ ಕೆಡವುವುದು ಕೆಡ್‌ನ ಕೆಲಸ. ಆ ಕೆಲಸದಲ್ಲಿ ಅವನಷ್ಟು ಚೆನ್ನಾಗಿರುವವರು ನಮ್ಮ ರಾಜ್ಯದಲ್ಲಿ ಯಾರೂ ಇರಲಿಲ್ಲ. ಅದಕ್ಕೇ ಕಾಲೇಜುಗಳು ಸಾಲುಗಟ್ಟಿದ್ದವು. ಕಾಲೇಜಿಗೆ ಸೇರಿದ ಮೇಲೆ ಆಟಗಾರ ತನ್ನ ಮುಖ, ಹೆಸರು ಮಾರಿಕೊಳ್ಳಬಹುದು, ಈಗ ಅದು ನ್ಯಾಯಬದ್ಧ. ಹೈಸ್ಕೂಲಿನಲ್ಲಿರುವಾಗ ಮಾರುವಂತಿಲ್ಲ. ಮಾರಿದರೆ ಹುಡುಗ ಆಟದಿಂದ ಹೊರಗೆ, ಅವನು ಆಡಿ ಗೆದ್ದ ಪಂದ್ಯಗಳೂ ಸೋತ ಲೆಕ್ಕಕ್ಕೆ. ಕೆಡ್ ಇನ್ನೂ ಹೈಸ್ಕೂಲಿನಲ್ಲಿದ್ದ. ಒಂದು ವಾರ ಕಾದಿದ್ದರೆ ಅವನ ಹೈಸ್ಕೂಲು ಆಟ ಮುಗಿದು ಕಾಲೇಜಿಗೆ ಸಹಿಯೂ ಆಗಿರುತ್ತಿತ್ತು, ಟಿಡ್ಮೋರನಿಗೆ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಜಾರ್ಜಿಯಾದ ಕಾಲೇಜೊಂದು ಕೂಡ ಕೆಡ್‌ನ ಹಿಂದೆ ಬಿದ್ದಿತ್ತು. ಹಸುವಿಗೆ ಮುದ್ರೆ ಒತ್ತಿದರೆ ಪಕ್ಕದವನು ಕೈ ಹಾಕುವುದಿಲ್ಲ ಅನ್ನುವುದು ಟಿಡ್ಮೋರನ ಲೆಕ್ಕಾಚಾರ.

ರಾಯ್ಸ್ ಟಿಡ್ಮೋರ್ ಗಾಡಿ ಮಾರುವವನು. ಕಹಾಬಾ ತಂಡದ ಅಭಿಮಾನಿಗಳು ಆಟಗಾರರಿಗೆ ಕೊಡಲು ಕೂಡಿಸುವ ನಿಧಿಗೆ ಅವನೇ ಅಧ್ಯಕ್ಷ. ಅವನು ಕಹಾಬಾದಲ್ಲಿ ಓದಿದವನಲ್ಲ. ಎಲ್ಲೂ ಓದಿದವನಲ್ಲ. ಆದರೂ ‘ನಾವು ಗೆದ್ವಿ’ ಅನ್ನುತ್ತಾನೆ, ಮೈದಾನದ ಮೇಲಿನ ಗಾಜಿನ ಕೋಣೆಯಲ್ಲಿ ಕೂತು ಸೀಗಡಿ ತಿನ್ನುತ್ತ.

ನನಗೆ ಅವನ ಪರಿಚಯ ಹಳೆಯದು. ನಾನು ಕಹಾಬಾದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದಾಗ ಆಟಗಾರರು ಯಾರಿಂದಲೂ ಏನನ್ನೂ ಮುಟ್ಟುವಂತಿರಲಿಲ್ಲ. ನನ್ನ ನಂಬರಿನ ಜೆರ್ಸಿಯನ್ನು ಕಾಲೇಜಿನ ಅಂಗಡಿ ಮಾರುತ್ತಿತ್ತು. ಅದನ್ನು ಕೊಳ್ಳುವ ಕಾಸು ಮಾತ್ರ ನನ್ನ ಹತ್ತಿರ ಇರಲಿಲ್ಲ. ಒಂದು ದಿನ ಕಾಲೇಜಿನ ಊಟದ ಮನೆ ಮುಚ್ಚಿತ್ತು. ಟಿಡ್ಮೋರನ ಹೆಂಡತಿ ದಾರಿಯಲ್ಲಿ ಕಂಡು ಹೋಟೆಲಿಗೆ ಕರೆದುಕೊಂಡು ಹೋಗಿ ಒಂದು ತಟ್ಟೆ ಪಾಸ್ತಾ ಕೊಡಿಸಿದಳು. ಯಾರೋ ಅದರ ಫೋಟೋ ಇಂಟರ್ನೆಟ್ಟಿಗೆ ಹಾಕಿದರು. ನನ್ನನ್ನು ಆಟದಿಂದ ಹೊರಗಿಟ್ಟರು. ಪಾಸ್ತಾದ ಬೆಲೆಯನ್ನು ಯಾವುದಾದರೂ ಅನಾಥಾಲಯಕ್ಕೆ ಕಟ್ಟಿ ರಸೀದಿ ತಂದರೆ ಮತ್ತೆ ಆಡಬಹುದು ಅಂದರು. ಕಟ್ಟಿದೆ. ಮತ್ತೆ ಆಡಿದೆ. ಮಂಡಿ ಮುರಿಯಿತು. ಈಗ ಊರಿನ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತೇನೆ, ಮಳೆ ಬರುವ ಹಿಂದಿನ ದಿನವೇ ಮಂಡಿ ನೋವಿನಿಂದ ನನಗೆ ಗೊತ್ತಾಗುತ್ತದೆ.

ಆಗ ಟಿಡ್ಮೋರ್ ಊರಿನ ಕ್ಲಬ್ಬಿನಲ್ಲಿ ಭಾಷಣ ಮಾಡಿದ್ದ: “ಈ ಮಕ್ಕಳ ಕೈಗೆ ದುಡ್ಡು ಕೊಟ್ರೆ ಆಟದ ಪಾವಿತ್ರ್ಯ ಹೋಗುತ್ತೆ.” ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಮೊದಲು ತಟ್ಟಿದವರು ನಮ್ಮ ಪಾದ್ರಿ ರೆವರೆಂಡ್ ಬಿವಿನ್ಸ್. ಆಗ ಅವರ ಚರ್ಚಿಗೆ ಟಿಡ್ಮೋರನ ಕಡೆಯಿಂದ ಹೊಸ ಚಾವಣಿ ಬಂದಿತ್ತು, ಅದಕ್ಕೆ ಹಿಂದಿನ ವರ್ಷ ವ್ಯಾನು. ಎರಡೂ ಬಂದ ವರ್ಷ ಚರ್ಚಿನ ಹಾಡುವ ತಂಡದ ಒಬ್ಬೊಬ್ಬ ದೊಡ್ಡ ಹುಡುಗ ಕಹಾಬಾಗೆ ಫುಟ್‌ಬಾಲ್ ಆಡಲು ಹೋಗಿದ್ದ. ದೇವರ ಲೀಲೆ. ಈಗ ಹುಡುಗರ ಕೈಗೇ ನೇರ ಕೊಡಬಹುದಾದ ಮೇಲೆ ಪಾದ್ರಿಗಳು ಭಾನುವಾರ ಭಾನುವಾರ ದೇವರನ್ನು ಬಿಟ್ಟು ಬಂಗಾರದ ಕರುವಿಗೆ ಅಡ್ಡಬಿದ್ದವರ ಕಥೆ ಹೇಳುತ್ತಾರೆ.

ಕೆಡ್‌ನ ವಿಷಯದಲ್ಲಿ ಮಾತ್ರ ಹಳೆಯ ದಾರಿಯೇ ಬೇಕಾಯಿತು, ಅವನಿನ್ನೂ ಹೈಸ್ಕೂಲಿನವನಲ್ಲವೇ. ಬೇಸಿಗೆಯ ಕೊನೆಗೆ ಟಿಡ್ಮೋರ್ ‘ಡಯಾಲಿಸಿಸ್‌ಗೆ ಹೋಗುವ ವೃದ್ಧರಿಗಾಗಿ’ ಚರ್ಚಿಗೆ ಒಂದು ಪಿಕಪ್ ಬಳಸಲು ಕೊಟ್ಟ. ಕಾಗದದಲ್ಲಿ ಚರ್ಚಿನ ಹೆಸರು. ಗಾಡಿ ನಿಂತದ್ದು ನಮ್ಮ ಅಂಗಳದಲ್ಲಿ. ಅದರಲ್ಲಿ ಹೋಗುತ್ತಿದ್ದ ವೃದ್ಧರು ಅಂದರೆ ನಮ್ಮಜ್ಜಿ ಓಲಾ ಮೇ ಪೆಟ್‌ವೇ ಒಬ್ಬಳೇ. ಓಡಿಸುತ್ತಿದ್ದವನು ಕೆಡ್. ಊರಿಗೆಲ್ಲ ಗೊತ್ತು. ಯಾರೂ ಮಾತಾಡಲಿಲ್ಲ, ತಂಡ ಗೆಲ್ಲುತ್ತಿತ್ತು.

ಸೋಮವಾರ ಡೆಕ್ಸ್‌ಟನ್‌ನವರು ಹಲಗೆಯ ಫೋಟೋ ತೆಗೆದು ರಾಜ್ಯದ ಕ್ರೀಡಾ ಮಂಡಳಿಗೆ ದೂರು ಕೊಟ್ಟರು. ಅವರ ತಪ್ಪೇನಿಲ್ಲ, ನಾವಾಗಿದ್ದರೂ ಕೊಡುತ್ತಿದ್ದೆವು. ಮಂಡಳಿಯ ಸೀವೆಲ್ ಅನ್ನುವ ಅಧಿಕಾರಿ ವಿಚಾರಣೆಗೆ ಬರುತ್ತಾನೆ ಅಂತ ಸುದ್ದಿ ಬಂತು. ಹಲಗೆಗೆ ಬಿಳಿ ಕಾಗದ ಅಂಟಿಸಿದರು. ಅಂಟು ಸಾಲದೆ ಒಂದು ಮೂಲೆ ಗಾಳಿಗೆ ಕಿತ್ತು ಬಂದು, ಕೆಡ್‌ನ ಹಲ್ಲು ಮಾತ್ರ ದಾರಿಹೋಕರಿಗೆ ಕಾಣುತ್ತಿತ್ತು.

ಮಂಗಳವಾರ ಸಂಜೆ ಮೂವರೂ ನಮ್ಮ ಅಡುಗೆಮನೆಗೆ ಬಂದರು. ಟಿಡ್ಮೋರ್, ಪಾದ್ರಿ, ಶಾಲೆಯ ಕೋಚ್ ಹಾರ್ಗೆಟ್. ಅಜ್ಜಿ ಎಲ್ಲರಿಗೂ ಸಿಹಿ ಚಹಾ ಕೊಟ್ಟಳು. ಬಿಳಿಯ ಮನುಷ್ಯ ನಮ್ಮಂಥ ಕಪ್ಪು ಜನರ ಮನೆಗೆ ಹಿತ್ತಲ ಬಾಗಿಲಿಂದ ಬಂದರೆ ಏನೋ ಬೇಕಾಗಿದೆ ಅಂತ ಅರ್ಥ ಎಂದು ಅವಳು ಆಮೇಲೆ ಹೇಳಿದಳು.

ಕೋಚ್ ಕೆಮ್ಮಿದ. “ನೋಡು ಮಗಾ, ಒಬ್ಬನಿಗಿಂತ ತಂಡ ದೊಡ್ಡದು. ನೀನೇ ಹೇಳಿಬಿಡು. ಗಾಡಿ ತಗೊಂಡಿದ್ದು ನಾನೇ, ಶಾಲೆಗೆ ಗೊತ್ತಿರ್ಲಿಲ್ಲ, ಕೋಚ್‌ಗೆ ಗೊತ್ತಿರ್ಲಿಲ್ಲ ಅಂತ. ನೀನು ಶುಕ್ರವಾರ ಕೂತ್ಕೋಬೇಕಾಗುತ್ತೆ, ಅಷ್ಟೆ. ಗೆದ್ದಿರೋ ಪಂದ್ಯ ಉಳಿಸ್ಕೊಡೋ ಹಾಗೆ ನಾನು ಮಂಡಳಿಯವರ ಹತ್ರ ಮಾತಾಡಿದೀನಿ.”

“ಗಾಡಿ ತಂದು ನಿಲ್ಸಿದ್ದು ನೀವೇ ಅಲ್ವಾ ಕೋಚ್?” ಅಂದ ಕೆಡ್. “ಬೀಗದ ಕೈ ನನ್ನ ಮೇಲೆ ಎಸೆದು, ಹಿಡ್ಕೋ ಅಂದ್ರಿ.”

“ನಾನು ಚರ್ಚಿಗೆ ತಲುಪ್ಸಿದೆ.”

ಅಜ್ಜಿ ಒಲೆ, ಸಿಂಕು, ಒಣಗಲು ಹಾಕಿದ್ದ ಬಟ್ಟೆ ಎಲ್ಲವನ್ನೂ ಒಂದು ಸುತ್ತು ನೋಡಿದಳು. “ಇದು ಚರ್ಚಾ? ಗೊತ್ತಿದ್ರೆ ಭಾನುವಾರದ ಹ್ಯಾಟು ಹಾಕ್ಕೊಂಡು ಕೂರ್ತಿದ್ದೆ.”

“ಮಿಸ್ ಓಲಾ, ಇದು ತಮಾಷೆ ಅಲ್ಲ,” ಅಂದ ಟಿಡ್ಮೋರ್. “ಒಂದು ಆಟ ಹೋದ್ರೆ ಏನು? ಹುಡುಗನ ಮುಂದೆ ಇಡೀ ಜೀವನ ಇದೆ. ನಾಳೆ ಕಹಾಬಾಗೆ ಸಹಿ ಹಾಕಿದ್ರೆ ನಾಡಿದ್ದಿಂದ ಅವನಿಗೆ ಏನು ಕಮ್ಮಿ?”

“ಹಲಗೆ ಹಾಕಿದ್ದು ನೀವು. ಕೂರೋದು ಅವನಾ?” ಅಂದೆ.

“ರೆನೀಟಾ, ನೀನು ಯಾವಾಗ್ಲೂ ಸ್ವಲ್ಪ ಕಹಿ.”

“ಹೌದು, ಪಾಸ್ತಾ ತಿಂದಾಗಿನಿಂದ.”

ಅವನಿಗೆ ಅರ್ಥವಾಗಲಿಲ್ಲ. ಅವನಿಗೆ ಅದು ನೆನಪೇ ಇರಲಿಲ್ಲ.

ಪಾದ್ರಿಗಳು ಚಹಾ ಲೋಟ ಕೆಳಗಿಟ್ಟು, “ಮಗನೇ, ತ್ಯಾಗ ಅನ್ನೋದು...” ಅಂತ ಶುರು ಮಾಡಿದರು.

“ಪಾದ್ರಿಗಳೇ, ವ್ಯಾನು ಹೆಂಗೆ ಓಡ್ತಿದೆ?” ಅಂದಳು ಅಜ್ಜಿ. ಅವರು ಲೋಟ ಮತ್ತೆ ಎತ್ತಿಕೊಂಡರು.

ಅವರು ಹೋದ ಮೇಲೆ ಕೆಡ್ ತಟ್ಟೆ ತುಂಬ ಜೋಳದ ರೊಟ್ಟಿ, ಸೊಪ್ಪು ಹಾಕಿಕೊಂಡು ಕೂತ. ಅವನು ಯೋಚನೆ ಮಾಡುವುದು ತಿನ್ನುತ್ತಲೇ.

“ನಂಗೆ ಶುಕ್ರವಾರ ಆಡ್ಬೇಕು ಅಕ್ಕಾ.”

“ಗೆಳೆಯರಿಗೋಸ್ಕರನಾ? ಶಾಲೆ ಮಾನ?”

“ಅಯ್ಯೋ, ಅದೆಲ್ಲ ಏನಿಲ್ಲ. ಡೆಕ್ಸ್‌ಟನ್ ಕ್ವಾರ್ಟರ್‌ಬ್ಯಾಕ್ ಇದಾನಲ್ಲ, ಹೋದ್ ವರ್ಷ ಪಂದ್ಯ ಗೆದ್ಮೇಲೆ ನನ್ನ ಹೆಲ್ಮೆಟ್ ಮೇಲೆ ಉಗ್ದ. ವರ್ಷ ಪೂರ್ತಿ ಈ ಶುಕ್ರವಾರಕ್ಕೇ ಕಾದಿದೀನಿ. ಅವ್ನು ಮುಂದೆ ಎಲ್ಲೂ ಆಡಲ್ವಂತೆ, ಅಪ್ಪನ ಅಂಗಡಿ ನೋಡ್ಕೋತಾನಂತೆ. ಆಮೇಲೆ ಎಲ್ಲಿ ಸಿಗ್ತಾನೆ? ಅಂಗಡಿಗೆ ಹೋಗಿ ಕೆಡವೋಕಾಗುತ್ತಾ?”

ಇಷ್ಟು ಪ್ರಾಮಾಣಿಕವಾದ ಕಾರಣವನ್ನು ಆ ವಾರದಲ್ಲಿ ಬೇರೆ ಯಾರ ಬಾಯಲ್ಲೂ ನಾನು ಕೇಳಲಿಲ್ಲ.

“ಕೋಚ್‌ಗೆ ಕಹಾಬಾದಲ್ಲಿ ಕೆಲಸ ಸಿಗುತ್ತಂತೆ ಅಲ್ವಾ?” ಅಂದೆ.

“ಹ್ಞೂಂ. ನಾನು ಸಹಿ ಹಾಕಿದ್ರೆ. ನನ್ನ ಜೊತೆಗೆ ಕೊಡೋದು ಅವರನ್ನ. ಸೋಪಿನ ಜೊತೆ ಬಾಚಣಿಗೆ ಕೊಡ್ತಾರಲ್ಲ, ಹಂಗೆ.”

“ಟಿಡ್ಮೋರ್?”

“ನನ್ನ ತರದೆ ಹೋದ್ರೆ ಅಧ್ಯಕ್ಷಗಿರಿ ಹೋಗುತ್ತೆ. ಹೋದ್ ವರ್ಷ ತಂದ ಹುಡುಗ ಒಂದೇ ವರ್ಷಕ್ಕೆ ಬೇರೆ ಕಾಲೇಜಿಗೆ ಹಾರಿದ.”

“ಮತ್ತೆ ನೀನು ಯಾಕೋ ಅವರ ಮಾತು ಕೇಳ್ತಾ ಕೂತಿದ್ದೆ? ನಾಳೆ ಸಹಿ ಹಾಕೋಕೆ ಮೇಜಿನ ಮುಂದೆ ಕೂರೋನು ನೀನು.”

ಅವನು ಅಗಿಯುವುದನ್ನು ನಿಲ್ಲಿಸಿದ. ಆಮೇಲೆ ಅಜ್ಜಿಯನ್ನು ಕೂಗಿ ಇನ್ನೊಂದು ರೊಟ್ಟಿ ಕೇಳಿದ.

ಬುಧವಾರ ಬೆಳಿಗ್ಗೆ ಶಾಲೆಯ ಜಿಮ್ಮಿನಲ್ಲಿ ಸಹಿಯ ದಿನ. ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ. ಮೇಜು, ಮೇಲೆ ಬಟ್ಟೆ, ಬಟ್ಟೆಯ ಮೇಲೆ ಕರೆದ ಕಾಲೇಜುಗಳ ಟೋಪಿಗಳು. ಹುಡುಗ ಒಂದು ಟೋಪಿಯ ಕಡೆ ಕೈ ಚಾಚಿ, ಬಿಟ್ಟು, ಇನ್ನೊಂದನ್ನು ಮುಟ್ಟಿ, ಕೊನೆಗೆ ತನ್ನದನ್ನು ತಲೆಗಿಟ್ಟುಕೊಳ್ಳುತ್ತಾನೆ. ಅರ್ಧ ಜನ ಕಿರುಚುತ್ತಾರೆ. ತಾಯಂದಿರು ಅಳುತ್ತಾರೆ. ನಮ್ಮ ತಾಯಿ ಅಟ್ಲಾಂಟಾದಲ್ಲಿ ಬೇರೆ ಸಂಸಾರ ಮಾಡಿಕೊಂಡಿದ್ದಾಳೆ, ಹಾಗಾಗಿ ಅಜ್ಜಿ ಚರ್ಚಿನ ಹ್ಯಾಟು ಹಾಕಿಕೊಂಡು ಕೂತಿದ್ದಳು. ಅವಳು ಅಳುವವಳಲ್ಲ.

ಕಹಾಬಾದ ಹಸಿರು, ಜಾರ್ಜಿಯಾದವರ ಕೆಂಪು, ಟೆನೆಸಿಯ ಒಂದು ಬಿಳಿ ಟೋಪಿ. ಟಿವಿಯವರ ಕ್ಯಾಮೆರಾ. ಮುಂದಿನ ಸಾಲಿನಲ್ಲಿ ಹಸಿರು ಕೋಟು ಹಾಕಿಕೊಂಡ ಟಿಡ್ಮೋರ್. ಕೋಚ್ ಮೈಕಿನಲ್ಲಿ ಕೆಡ್‌ನ ಗುಣಗಾನ ಮಾಡಿದ. ಹಿಂದಿನ ಸಂಜೆ ಎಲ್ಲವನ್ನೂ ಅವನ ತಲೆಗೆ ಕಟ್ಟಲು ಬಂದಿದ್ದ ಅದೇ ಬಾಯಿ. “ತಂಡಕ್ಕಾಗಿ ಪ್ರಾಣ ಕೊಡೋ ಹುಡುಗ” ಅಂದ.

ಕೆಡ್ ಕುರ್ಚಿಯಲ್ಲಿ ಕೂತು ಕೈ ಎರಡನ್ನೂ ತೊಡೆಯ ಮೇಲಿಟ್ಟುಕೊಂಡ. ಟೋಪಿಗಳ ಕಡೆ ನೋಡಲಿಲ್ಲ.

“ಎಲ್ರಿಗೂ ಥ್ಯಾಂಕ್ಸ್. ಸಹಿ ಹಾಕೋಕೆ ಶುಕ್ರವಾರ ರಾತ್ರಿವರೆಗೂ ಗಡುವಿದೆ ಅಂತೆ. ಆಟ ಮುಗಿದ ತಕ್ಷಣ ಮೈದಾನದಲ್ಲೇ ಹಾಕ್ತೀನಿ. ಆಡಿದ್ರೆ.” ಕುರ್ಚಿ ಹಿಂದಕ್ಕೆ ತಳ್ಳಿದ. “ಆಡಿಲ್ಲಾಂದ್ರೆ ಟೆನೆಸಿ ಚಳಿ ಹೆಂಗಿರುತ್ತೆ ನೋಡ್ಬೇಕು.”

ಎದ್ದು ಮೂರನೇ ಪಿರಿಯಡ್‌ಗೆ ಹೋದ. ಗಣಿತದ ಕ್ಲಾಸು ಅಂತೆ.

ಜಿಮ್ಮಿನಲ್ಲಿ ಯಾರಿಗೂ ಕಿರುಚುವುದೋ ಬಿಡುವುದೋ ಗೊತ್ತಾಗಲಿಲ್ಲ. ಕೋಚ್‌ನ ಹೆಂಡತಿ, ಪಾಪ, ಹಸಿರು ಬಲೂನುಗಳ ದಾರ ಹಿಡಿದುಕೊಂಡೇ ನಿಂತಿದ್ದಳು. ಕಹಾಬಾದ ಊರಿನಲ್ಲಿ ಮನೆ ನೋಡಿ ಮುಂಗಡವನ್ನೂ ಕೊಟ್ಟಿದ್ದರಂತೆ. ಅಜ್ಜಿ ನನ್ನ ಪಕ್ಕೆಗೆ ತಿವಿದಳು. “ಟೆನೆಸಿ ಎಲ್ಲಿದೆ ಅಂತ ಇವನಿಗೆ ಗೊತ್ತಾ?”

“ಇಲ್ಲ.”

“ಹಂಗಾದ್ರೆ ಸರಿ.”

ದೊಡ್ಡವರ ಧರ್ಮ ಎಷ್ಟು ಬೇಗ ಹೊರಳುತ್ತದೆ ಅಂತ ನೋಡಬೇಕಾದರೆ ಅವರ ಹೊಟ್ಟೆಯ ಮೇಲೆ ಕಾಲಿಡಬೇಕು. ಮಂಗಳವಾರ ಒಬ್ಬನಿಗಿಂತ ತಂಡ ದೊಡ್ಡದಾಗಿತ್ತು. ಬುಧವಾರ ಮಧ್ಯಾಹ್ನದ ಹೊತ್ತಿಗೆ ಒಬ್ಬ ಮುಗ್ಧ ಹುಡುಗನಿಗೆ ಘೋರ ಅನ್ಯಾಯವಾಗುತ್ತಿತ್ತು. ಕೋಚ್ ಸ್ಥಳೀಯ ರೇಡಿಯೋದಲ್ಲಿ ಅದನ್ನೇ ಸಾರಿದ. ಗುರುವಾರ ಬೆಳಿಗ್ಗೆ ಸೀವೆಲ್ ಬಂದಾಗ ಟಿಡ್ಮೋರ್ ತಾನಾಗಿಯೇ ಪ್ರಾಂಶುಪಾಲರ ಕೋಣೆಗೆ ಹೋಗಿ ಕೂತ. ಅಜ್ಜಿಯನ್ನೂ ನನ್ನನ್ನೂ ಕರೆಸಿದ್ದರಿಂದ ಎಲ್ಲ ಕಿವಿಯಾರೆ ಕೇಳಿದೆ.

“ತಪ್ಪೆಲ್ಲ ನಂದು ಸ್ವಾಮಿ,” ಅಂದ ಟಿಡ್ಮೋರ್. “ಹುಡುಗನ್ನ ಕೇಳ್ದೆ ಫೋಟೋ ಹಾಕ್ಬಿಟ್ಟೆ. ಅಭಿಮಾನ ನೋಡಿ, ತಡೆಯೋಕಾಗ್ಲಿಲ್ಲ. ಅವನಿಗೆ ಒಂದು ಕಾಸು ಕೊಟ್ಟಿಲ್ಲ.”

ಇಷ್ಟು ನಿಜ. ಅವನು ಸುಳ್ಳು ಹೇಳಲು ಹೊರಟು ಬಾಯಿತಪ್ಪಿ ನಿಜವನ್ನೇ ಹೇಳಿದ್ದ.

“ಆ ಕಪ್ಪು ಗಾಡಿ?” ಅಂದ ಸೀವೆಲ್.

“ಚರ್ಚಿಂದು. ಹುಡುಗ ಅದರ ಸ್ಟಿಯರಿಂಗ್ ಮುಟ್ಟಿದ್ದನ್ನ ನಾನಂತೂ ಕಂಡಿಲ್ಲ.”

ಟಿಡ್ಮೋರನ ಜೊತೆ ಬಂದಿದ್ದ ಪಾದ್ರಿಗಳು ಬೈಬಲ್ ಮೇಲೆ ಕೈ ಇಟ್ಟರು. ಯಾರೂ ಇಡಿ ಅಂದಿರಲಿಲ್ಲ. “ಗಾಡಿ ಓಡಿಸ್ತಿದ್ದೋನು ನಾನೇ,” ಅಂದರು. ಪಾದ್ರಿಗಳಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿ, ಚರ್ಚಿನ ವ್ಯಾನನ್ನೇ ಬೇರೆಯವರು ಓಡಿಸುತ್ತಾರೆ.

ಸೀವೆಲ್ ಅಜ್ಜಿಯ ಕಡೆ ತಿರುಗಿದ. “ಹೌದೇನಮ್ಮಾ?”

“ಹೌದು ಸ್ವಾಮಿ,” ಅಂದಳು ಅಜ್ಜಿ. “ದೇವರು ಕಣ್ಣಿಲ್ಲದೋರಿಗೂ ದಾರಿ ತೋರಿಸ್ತಾನೆ.”

ಅವಳ ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ. ಎಪ್ಪತ್ತು ವರ್ಷ ಈ ಊರಿನಲ್ಲಿ ಬದುಕಿದ ಹೆಂಗಸು. ಸೀವೆಲ್ ನಕ್ಕ. ಅವನ ಬೆರಳಿನಲ್ಲಿ ಕಹಾಬಾದ ದಪ್ಪ ಹಸಿರು ಉಂಗುರ ಇತ್ತು, ಅಲ್ಲಿ ಓದಿದವರು ಹಾಕುವಂಥದ್ದು. ಪ್ರಾಂಶುಪಾಲರು ತರಿಸಿದ್ದ ಪೀಕನ್ ಬೀಜದ ಸಿಹಿ ಕಡುಬು ಮುಗಿಸಿ, ಹುಡುಗನ ತಪ್ಪಿಲ್ಲ ಅಂತ ಹೇಳಿ ಹೋದ. ನನ್ನ ಪಾಸ್ತಾ ವಿಚಾರಣೆ ಮೂರು ವಾರ ನಡೆದಿತ್ತು, ನನಗೆ ಒಂದು ಲೋಟ ನೀರೂ ಕೊಟ್ಟಿರಲಿಲ್ಲ.

ಗಾಡಿಯನ್ನು ಅದೇ ಮಧ್ಯಾಹ್ನ ಟಿಡ್ಮೋರನ ಆಳು ಬಂದು ಒಯ್ದ. “ಸದ್ಯಕ್ಕೆ, ನೋಡೋರ ಕಣ್ಣಿಗೆ,” ಅಂದ.

“ಮತ್ತೆ ಶನಿವಾರ ಅಜ್ಜಿ ಡಯಾಲಿಸಿಸ್?”

“ಸರ್ಕಾರಿ ವ್ಯಾನ್ ಇದ್ಯಲ್ಲ ಮೇಡಂ.”

ಸರ್ಕಾರಿ ವ್ಯಾನು ಇದೆ. ಊರೆಲ್ಲ ಸುತ್ತಿ, ಎಲ್ಲರನ್ನೂ ಹತ್ತಿಸಿಕೊಂಡು, ಬೆನ್ನು ಮುರಿದು ತಲುಪಿಸುತ್ತದೆ.

ಶುಕ್ರವಾರ ಕೆಡ್ ಆಡಿದ. ಡೆಕ್ಸ್‌ಟನ್‌ನ ಕ್ವಾರ್ಟರ್‌ಬ್ಯಾಕ್ ಮೊದಲ ಸಲ ನೆಲಕ್ಕೆ ಬಿದ್ದಾಗ ಕೆಡ್ ಅವನ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದ. ಏನು ಹೇಳಿದೆ ಅಂತ ಆಮೇಲೆ ಕೇಳಿದೆ. “ನಮಸ್ಕಾರ ಅಂದೆ.” ಆ ಹುಡುಗ ಮತ್ತೆ ಮತ್ತೆ ಬಿದ್ದ. ಕೊನೆಕೊನೆಗೆ ಚೆಂಡು ಕೈಗೆ ಬಂದರೆ ಸಾಕು, ತಾನೇ ಕೂತುಬಿಡುತ್ತಿದ್ದ. ನಾವು ಗೆದ್ದೆವು. ಮೈದಾನದಲ್ಲೇ ಮೇಜು ತಂದರು. ಕೆಡ್ ಬೆವರು ಒರೆಸಿಕೊಂಡು ಹಸಿರು ಟೋಪಿ ಹಾಕಿಕೊಂಡು ಸಹಿ ಮಾಡಿದ.

ಬೇಕೆಂದಿದ್ದರೆ ಅವರ ಮುಖಕ್ಕೆ ಹೊಡೆದಂತೆ ಕೆಂಪು ಟೋಪಿ ಹಾಕಬಹುದಿತ್ತು. ಊರಿನ ಕೆಲವರು ಅದನ್ನೇ ಕಾಯುತ್ತಿದ್ದರು. ಆದರೆ ಎಲ್ಲರಿಗಿಂತ ಹೆಚ್ಚು ಕೊಡುತ್ತಿದ್ದದ್ದು ಕಹಾಬಾ. ನನ್ನ ತಮ್ಮ ಹೆಡ್ಡನಲ್ಲ. ಟಿಡ್ಮೋರ್ ಅವನನ್ನು ತಬ್ಬಿಕೊಂಡು, “ನಮ್ಮ ಮನೆಮಗ!” ಅಂತ ಕ್ಯಾಮೆರಾಗೆ ಹೇಳಿದ. ಮನೆಮಗನ ಅಜ್ಜಿ ಮಾರನೇ ದಿನ ಸರ್ಕಾರಿ ವ್ಯಾನಿನ ಹಿಂದಿನ ಸೀಟಿನಲ್ಲಿ ಕೂತು ಹೋದಳು.

ಗಾಡಿಯ ಸುದ್ದಿ ಮಾತ್ರ ಇಲ್ಲ. ಟಿಡ್ಮೋರನ ಅಂಗಡಿಗೆ ಫೋನ್ ಮಾಡಿದರೆ, “ಗಾಡಿ ನಮ್ಮದೇ ಕಣಮ್ಮ, ಚರ್ಚಿಗೆ ಬಳಸೋಕೆ ಕೊಟ್ಟಿದ್ದು, ಅವರೇ ಬೇಡ ಅಂತ ವಾಪಸ್ ಕೊಟ್ರು,” ಅಂದರು. ಪಾದ್ರಿಗಳು ಫೋನೇ ಎತ್ತಲಿಲ್ಲ.

ಮಂಗಳವಾರ ನನಗೆ ರಜೆ. ನಾನೂ ಅಜ್ಜಿಯ ಜೊತೆ ವ್ಯಾನು ಹತ್ತಿದೆ. ವ್ಯಾನು ಟಿಡ್ಮೋರ್ ಮೋಟಾರ್ಸ್ ಎದುರು ಕೆಂಪು ದೀಪಕ್ಕೆ ನಿಂತಿತು. ಅಜ್ಜಿ ಕಿಟಕಿಗೆ ಮೂಗು ಒತ್ತಿದಳು.

“ನಮ್ಮ ಗಾಡಿ ಅಲ್ವಾ ಅದು?”

ಮುಂದಿನ ಸಾಲಿನಲ್ಲೇ ನಿಂತಿತ್ತು, ತೊಳೆದು ಒರೆಸಿ. ಮುಂದಿನ ಗಾಜಿನ ಮೇಲೆ ಅಡ್ಡಲಾಗಿ ಬಿಳಿ ಬಣ್ಣದಲ್ಲಿ ಬರೆದಿತ್ತು: ‘ಚಾಂಪಿಯನ್ ಕೆಡ್ ಪೆಟ್‌ವೇ ಓಡಿಸಿದ ಗಾಡಿ!’ ಕೆಳಗೆ ಬೆಲೆ. ಹೊಸ ಗಾಡಿಗಿಂತ ಜಾಸ್ತಿ.

ಇಂಥ ತಪ್ಪನ್ನು ಇಂಥವನೇ ಮಾಡಲು ಸಾಧ್ಯ. ಮಾರುವ ಚಟ ನಾಲಿಗೆಗಿಂತ ಮುಂದೆ ಓಡುತ್ತದೆ. ಸ್ಟಿಯರಿಂಗ್ ಮುಟ್ಟಿದ್ದು ಕಂಡಿಲ್ಲ ಅಂದು ಇನ್ನೂ ವಾರ ಕಳೆದಿರಲಿಲ್ಲ. ವ್ಯಾನಿನವನಿಗೆ ಒಂದು ನಿಮಿಷ ಅಂತ ಹೇಳಿ ಇಳಿದು ಫೋಟೋ ತೆಗೆದೆ. ಗಾಜಿನದು, ನಂಬರಿನದು, ಅಂಗಡಿಯ ಬೋರ್ಡೂ ಸೇರಿ ಬರುವ ಹಾಗೆ ಇನ್ನೊಂದು. ಟಿಡ್ಮೋರ್ ಕೈ ಉಜ್ಜಿಕೊಳ್ಳುತ್ತ ಹೊರಗೆ ಬಂದ.

“ಏನ್ ರೆನೀಟಾ, ಗಾಡಿ ನೋಡ್ತಿದ್ಯಾ?”

“ಯಾರು ಓಡ್ಸಿದ್ದು ಇದನ್ನ?”

ಅವನು ತನ್ನ ಗಾಜನ್ನು ತಾನೇ ಓದಿದ. ಮುಖ ಇಳಿಯಿತು. “ಅದು... ನಮ್ಮ ಹುಡುಗ್ರು ಸುಮ್ನೆ... ಒರೆಸ್ತಾರೆ ಬಿಡು.”

“ನಾನು ಸೀವೆಲ್ ಸಾಹೇಬ್ರಿಗೆ ಕಳ್ಸೋಣ ಅಂತಿದ್ದೆ. ಅವರ ನಂಬರಿದೆ.”

“ಹುಚ್ಚಾ ನಿಂಗೆ? ಟ್ರೋಫಿ ಕಿತ್ಕೋತಾರೆ. ನಿನ್ನ ತಮ್ಮಂದೇ ಟ್ರೋಫಿ!”

“ಕಿತ್ಕೊಳ್ಲಿ. ಅವನು ಕೆಡವ್ಬೇಕಾದವನನ್ನ ಕೆಡವಿ ಆಯ್ತು. ಟ್ರೋಫಿ ಶಾಲೆ ಬೀರುವಿನಲ್ಲಿರುತ್ತೆ, ನಮ್ಮನೇಲಲ್ಲ. ನಿಮ್ಮ ಗಾಜಿನ ಕೋಣೆ ಇರುತ್ತಾ ನೋಡ್ಕೊಳ್ಳಿ. ಕೋಚ್ ಮನೆ ಮುಂಗಡ ವಾಪಸ್ ಬರುತ್ತಾ ಕೇಳಿ.”

ಅವನು ರಸ್ತೆ ನೋಡಿದ, ವ್ಯಾನು ನೋಡಿದ, ನನ್ನ ಫೋನು ನೋಡಿದ. ಆಮೇಲೆ ಒಳಗೆ ಹೋಗಿ ಬೀಗದ ಕೈ ತಂದ.

“ಕಾಗದ ಅಜ್ಜಿ ಹೆಸರಿಗೆ,” ಅಂದೆ. “ಚರ್ಚಿನ ಹೆಸರಿಗಲ್ಲ. ಸಂಜೆ ಒಳಗೆ.”

“ಆಯ್ತು, ಆಯ್ತು.” ಬೀಗದ ಕೈ ಕೊಡುತ್ತ ಅವನ ಮುಖದಲ್ಲಿ ಸ್ವಲ್ಪ ಬೆಳಕು ಮೂಡಿತು. “ಇದನ್ನ ದಾನ ಅಂತ ತೋರಿಸ್ಬಹುದಲ್ವಾ? ತೆರಿಗೆಗೆ? ಒಂದು ರಸೀದಿ ಇದ್ರೆ...”

“ಪಾದ್ರಿಗಳನ್ನ ಕೇಳಿ. ಬೈಬಲ್ ಮುಟ್ಟಿ ಏನು ಬೇಕಾದ್ರೂ ಬರ್ಕೊಡ್ತಾರೆ.”

ಅಜ್ಜಿಯನ್ನು ವ್ಯಾನಿನಿಂದ ಇಳಿಸಿಕೊಂಡೆ. ಅವಳು ಟಿಡ್ಮೋರನಿಗೆ ತಲೆಬಾಗಿ, “ದೇವರು ಒಳ್ಳೇದು ಮಾಡ್ಲಿ ಸ್ವಾಮಿ,” ಅಂದು ಮುಂದಿನ ಸೀಟಿಗೆ ಹತ್ತಿದಳು. ಬಾಗಿಲು ಹಾಕಿದ ಮೇಲೆ ಸೀಟು ಹಿಂದಕ್ಕೂ ಮುಂದಕ್ಕೂ ಎಳೆದು ನೋಡಿದಳು.

“ಎಲ್ಲ ಅಲ್ಲಾಡಿಸ್ಬಿಟ್ಟಿದಾನೆ, ದರಿದ್ರದವನು.”

ನಾನು ಇಂಜಿನ್ ಚಾಲೂ ಮಾಡಿದೆ.

“ತಡಿ,” ಅಂದಳು. “ಮೊದ್ಲು ಗಾಜು ಒರ್ಸು. ರಸ್ತೆ ಕಾಣ್ತಿಲ್ಲ.”